ಕೆಂಡದ ಕಥೆ ಕೇಳಿದ ಹೊರಸು

"ಏ ಗ್ಯಾನಪ್ಪ, ಹೆಸರಿನ್ಯಾಗಷ್ಟ ಗ್ಯಾನ ಇಟ್ಕೊಂಡು ತಿರಗತೀಯಲ್ಲೋ! ಸಾಲ್ಯಾಗ ಆರನೇತ್ತಾ ದಾಟಲಿಲ್ಲ, ನನಗ ಕಥಿ ಹೇಳಿಕೊಡಾಕ ಬಂದಿಯೇನು? ಮೊದಲ ಆ ಮುರುಕ ಹೊರಸು ತಗದು ಆಕಡೆ ಒಗಿ!"

ಪರುತಪ್ಪ ಸರ್ ಇದನ್ನು ಮೈಕಿನಲ್ಲೇ ಹೇಳಿದರು. ಶಾಮಿಯಾನದ ಕೆಳಗಿನ ಮುಂದಿನ ಸಾಲು ನಕ್ಕಿತು. ಮುಂದಿನ ಸಾಲು ನಕ್ಕಮೇಲೆ ಹಿಂದಿನ ಸಾಲಿಗೆ ನಗದೆ ವಿಧಿಯುಂಟೇ? ಗ್ಯಾನಪ್ಪನ ಕಿವಿ ಕೆಂಪೇರಿದ್ದು ನನಗೆ ಕೆಳಗಿನಿಂದ ಕಂಡಿತು. ಅವನ ಮುಷ್ಟಿ ನನ್ನ ಕಾಲನ್ನು ಬಿಗಿಯಾಗಿ ಹಿಡಿದಿತ್ತು.

ಆ ಮುರುಕ ಹೊರಸು, ಅಂದರೆ ಹಗ್ಗದ ಮಂಚ, ನಾನೇ. ಮುರುಕು ಅಂದರೆ ಮುರುಕೇ, ಅದಕ್ಕೇನು ಸಿಟ್ಟಿಲ್ಲ. ಆದರೆ ಮುರುಕಿಗೂ ಒಂದು ಹುಟ್ಟು ಇರುತ್ತದೆ, ಕೇಳಿ.

ನಾನು ಹುಟ್ಟಿದ್ದು ಹೊಳೆಯ ಬಡಗಣ ದಂಡೆಯ ಹುಣಸಿಮಟ್ಟಿಯಲ್ಲಿ. ಬಡಿಗೇರ ಮೌನೇಶಪ್ಪ ಜಾಲಿ ಮರದಲ್ಲಿ ನನ್ನ ನಾಲ್ಕು ಕಾಲು ಕೆತ್ತಿದ. ನಾನು ಸೇರಿದ ಮನೆಯೊಡತಿ ಯಮನವ್ವನ ಗಂಡ ಪುಂಡಿ ನಾರಿನ ಹಗ್ಗ ಹೊಸೆದು ನನ್ನ ಮೈ ಹೆಣೆದ. ಹೆಣೆಯುತ್ತ ಅವನು ಕಥೆ ಹೇಳುತ್ತಿದ್ದ. ಯಮನವ್ವ ಎದುರಿಗೆ ಕೂತು ಹಗ್ಗ ಜಗ್ಗಿ ಹಿಡಿದು "ಹ್ಞೂಂ" ಅನ್ನುತ್ತಿದ್ದಳು. ಒಂದು ಹ್ಞೂಂಗೆ ಒಂದು ಎಳೆ. ಅವಳು ತೂಕಡಿಸಿ ಹ್ಞೂಂ ತಪ್ಪಿದರೆ ಕಥೆಯೂ ನಿಲ್ಲುತ್ತಿತ್ತು, ಹೆಣಿಗೆಯೂ ನಿಲ್ಲುತ್ತಿತ್ತು. ನನ್ನ ಮೈಯಲ್ಲಿರುವುದು ಅರ್ಧ ನಾರು, ಅರ್ಧ ಹ್ಞೂಂ.

ಎಂಥ ದಿನಗಳವು! ನನ್ನ ಮೇಲೆ ಶಾವಿಗೆ ಒಣಗಿತು, ಬಾಣಂತಿಯರು ಮಲಗಿದರು, ಜಗಳವಾಡಿದ ಅಣ್ಣತಮ್ಮಂದಿರು ಬೆನ್ನಿಗೆ ಬೆನ್ನು ಹಚ್ಚಿ ಕೂತರು. ಸಂಜೆಯಾದರೆ ಓಣಿಯ ಕಥೆಯೆಲ್ಲ ನನ್ನ ಮೇಲೆಯೇ.

ಆಮೇಲೆ ಅಣೆಕಟ್ಟಿನ ಹಿನ್ನೀರು ಬಂತು, ಎರಡೂ ದಂಡೆಯ ಊರು ಮುಳುಗಿದವು. ಅಷ್ಟರಲ್ಲಿ ಯಮನವ್ವನ ಗಂಡ ತೀರಿಹೋಗಿದ್ದ. ಲಾರಿಯಲ್ಲಿ ಉಳಿದಿದ್ದು ಒಂದೇ ಸಾಮಾನಿನ ಜಾಗ: ಕಪಾಟೋ, ನಾನೋ. "ಕಪಾಟಿನ ಮ್ಯಾಲ ಯಾರು ಕುಂದರತಾರ?" ಎಂದು ಅವಳು ನನ್ನನ್ನೇ ಏರಿಸಿದಳು.

ಹೊಸ ಜಾಗಕ್ಕೆ ಪುನರ್ವಸತಿ ಕೇಂದ್ರ ಎಂದು ಫಲಕ ಹಾಕಿದ್ದರು. ವಸತಿಯೇನೋ ಸಿಕ್ಕಿತು. ಹಳೆಯದು ಪುನಃ ಸಿಗಬೇಕಲ್ಲ, ಅದು ಎಲ್ಲಿ? ಗೆರೆ ಕೊರೆದ ಹಾಗೆ ರಸ್ತೆ, ಮನೆಗೊಂದು ನಂಬರು. ರಸ್ತೆಯ ಈಚೆ ನಮ್ಮ ಹುಣಸಿಮಟ್ಟಿಯವರು, ಆಚೆ ತೆಂಕಣ ದಂಡೆಯ ಕರಿಗುಡ್ಡದವರು. ನಡುವೆ ಒಂದೇ ನಳ. ನಳದ ಮುಂದೆ ದಿನಾ ಕೊಡಕ್ಕೆ ಕೊಡ ತಾಗುತ್ತಿತ್ತು. ಯಾರಿಗೂ ಯಾರ ಹೆಸರೂ ಬೇಕಿರಲಿಲ್ಲ. "ನಲವತ್ತೇಳನೇ ನಂಬರಿನಾಕಿ ನನ್ನ ಪಾಳಿ ತಿಂದಳು" ಎಂಬಂಥ ಮಾತೇ ಎಲ್ಲ.

ಒಂದು ಸಂಜೆ ಯಮನವ್ವ ನನ್ನನ್ನು ನಳದ ಹತ್ತಿರ ಎಳೆದು ತಂದು ಹಾಕಿ, ತನ್ನಷ್ಟಕ್ಕೆ ತಾನೇ ಕೆಂಡದ ಕಥೆ ಶುರುಮಾಡಿದಳು. ಮಹಾಪೂರ ಬಂದ ವರ್ಷ ಕರಿಗುಡ್ಡದ ಒಲೆಗಳೆಲ್ಲ ಆರಿಹೋದವಂತೆ. ಆಗ ಹುಣಸಿಮಟ್ಟಿಯವರು ಗಡಿಗೆಯಲ್ಲಿ ಕೆಂಡ ತುಂಬಿ ಹರಿಗೋಲಿನಲ್ಲಿ ಕಳಿಸಿದರಂತೆ. ಇಷ್ಟು ಹೇಳಿ ಅವಳು ಕಾದಳು. ಯಾರೂ ಹ್ಞೂಂ ಅನ್ನಲಿಲ್ಲ.

"ಹ್ಞೂಂ?" ಎಂದು ಹಿಂದಿನಿಂದ ಯಾರೋ ಗುಡುಗಿದರು. ಕರಿಗುಡ್ಡದ ಗ್ಯಾನಪ್ಪ. ಇಪ್ಪತ್ತರ ಹರೆಯ, ಸೆಂಟ್ರಿಂಗ್ ಕೆಲಸ, ಮೂಗಿನ ತುದಿಯಲ್ಲೇ ಸಿಟ್ಟು. "ಏನಂದಿ ಆಯಿ? ಕೆಂಡ ಕಳಿಸಿದವ್ರು ನಾವು! ಒಲಿ ಆರಿದ್ದು ನಿಮ್ಮೂರಾಗ!"

ಯಮನವ್ವ ಚಪ್ಪಾಳೆ ತಟ್ಟಿದಳು. "ಅಂತೂ ಒಬ್ಬಾಂವ ಹ್ಞೂಂ ಅಂದ! ಕುಂದರೋ ತಮ್ಮಾ. ಇವತ್ತ ನಂದು ಮುಗೀಲಿ. ನಾಳೆ ನೀ ಹೇಳು, ನಾ ಹ್ಞೂಂ ಅಂತೀನಿ."

ಮರುದಿನ ಅವನು ತನ್ನ ಕಡೆಯ ನಾಲ್ಕು ಮುದುಕರನ್ನು ಸಾಕ್ಷಿಗೆ ತಂದ. ಇವಳು ಆರು ಜನರನ್ನು ಕೂಡಿಸಿದ್ದಳು. ವಾದವೋ ವಾದ. ನನ್ನ ಒಂದು ಕಾಲು ಸಡಿಲಾದದ್ದು ಅವತ್ತೇ. ವಾದದ ನಡುವೆ ಒಂದು ಗೊತ್ತಾಯಿತು: ಎರಡೂ ಕಥೆಯಲ್ಲಿ ಅಂಬಿಗ ಒಬ್ಬನೇ, ಕುಂಟ ಹೊಳೆಯಪ್ಪ. ಎರಡರಲ್ಲೂ ಗಡಿಗೆ ಹಿಡಿದು ಅವನ ಅಂಗೈ ಸುಟ್ಟಿತ್ತು. ಎರಡೂ ಕಡೆಯ ಮುದುಕರು ಹತ್ತಿರ ಸರಿದು ಕೂತರು.

ಅಂದಿನಿಂದ ಒಂದು ಸಂಜೆ ಆ ದಂಡೆಯ ಕಥೆ, ಒಂದು ಸಂಜೆ ಈ ದಂಡೆಯದು. ಒಬ್ಬರು ಹೇಳಿದರೆ ಎದುರಿನ ದಂಡೆಯವರೇ ಹ್ಞೂಂ ಅನ್ನಬೇಕು ಎಂಬುದು ಯಮನವ್ವ ಹಾಕಿದ ಕಟ್ಟಳೆ. ಗ್ಯಾನಪ್ಪನ ಹ್ಞೂಂ ಕೇಳಲೆಂದೇ ಜನ ಬರುತ್ತಿದ್ದರು. ಅವನ ಒಂದು ಹ್ಞೂಂನಲ್ಲಿ ಅನುಮಾನ, ಇನ್ನೊಂದರಲ್ಲಿ ಅಳು, ಮತ್ತೊಂದರಲ್ಲಿ "ಬಿಡಬೇ, ಬರೀ ಸುಳ್ಳು" ಎಂಬ ನಗು. ನಲವತ್ತೇಳನೇ ನಂಬರಿನಾಕಿ ತುಳಸವ್ವ ಆದಳು. ನಳದ ಮುಂದೆ ಮುದುಕಿಯರ ಕೊಡ ಮೊದಲು ತುಂಬತೊಡಗಿತು.

ಯಮನವ್ವ ಕಡೆಯ ಬಾರಿ ಮಲಗಿದ್ದೂ ನನ್ನ ಮೇಲೆಯೇ. ಗ್ಯಾನಪ್ಪನ ಕೈ ಹಿಡಿದು ಹೇಳಿದಳು: "ಕೆಂಡ ಯಾರು ಕಳಿಸಿದ್ರಂತ ಇತ್ಯರ್ಥ ಮಾಡಬ್ಯಾಡ್ರೋ. ಇತ್ಯರ್ಥ ಆದ ದಿನ ಇಲ್ಲಿ ಯಾರೂ ಕೂಡಿ ಕುಂದರೂದಿಲ್ಲ. ಹೊರಸು ನೀ ಒಯ್ಯಿ."

ಅವನು "ಹ್ಞೂಂ" ಅಂದ. ಅಷ್ಟು ಮೆತ್ತಗಿನ ಹ್ಞೂಂ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗ ಈ ಉತ್ಸವ. ಪರುತಪ್ಪ ಸರ್ ನಿವೃತ್ತ ಹೆಡ್‌ಮಾಸ್ತರು, ನಮ್ಮ ಹುಣಸಿಮಟ್ಟಿಯವರೇ. 'ನಮ್ಮೂರ ಕಥೆ' ಎಂದು ಬ್ಯಾನರ್ ಕಟ್ಟಿಸಿದ್ದಾರೆ. ಪುಸ್ತಕವನ್ನೂ ಅಚ್ಚು ಹಾಕಿಸಿದ್ದಾರೆ. ಕೆಂಡ ಕಳಿಸಿದ್ದು ಹುಣಸಿಮಟ್ಟಿ ಎಂದು ಅದರಲ್ಲಿ ಖಾಯಂ ಆಗಿದೆ. ಕರಿಗುಡ್ಡದವರಿಗೆ ಕುರ್ಚಿ ಹಿಂದಿನ ಸಾಲಿನಲ್ಲಿ. ಗ್ಯಾನಪ್ಪ ನನ್ನನ್ನು ಹೊತ್ತು ತಂದು ವೇದಿಕೆಯ ಮುಂದೆ ಇಳಿಸಿ, ಅವನ ಮಟ್ಟಿಗೆ ಬಲು ಮೆಲ್ಲಗೇ ಕೇಳಿದ: "ಸರ, ಇನ್ನೊಂದು ದಂಡಿ ಕಥಿನೂ ಐತ್ರಿ. ಎರಡೂ ಹೇಳ್ರಿ." ಅದಕ್ಕೆ ಸಿಕ್ಕ ಉತ್ತರವೇ ನೀವು ಮೊದಲು ಕೇಳಿದ್ದು.

ಸರ್ ಓದಲು ಶುರುಮಾಡಿದರು. ಒಲೆ ಆರಿತು. ಗಡಿಗೆ ತುಂಬಿತು. ಹರಿಗೋಲು ಹೊರಟಿತು. ಅಲ್ಲಿಗೆ ಅವರ ದನಿ ತಾನಾಗಿ ನಿಂತಿತು. ಎಷ್ಟು ಓದಿದ್ದರೇನು, ಅವರ ಕಿವಿಯೂ ಹೊಳೆಯ ದಂಡೆಯದೇ. ಹ್ಞೂಂ ಬೇಕು ಅದಕ್ಕೆ. ಯಾರೂ ಅನ್ನಲಿಲ್ಲ.

"ಯಾಕ, ಹ್ಞೂಂ ಅನ್ನಾವ್ರ ಇಲ್ಲೇನು?" ಸರ್ ನಕ್ಕರು. ನಗು ಮುಂದಿನ ಸಾಲನ್ನೂ ದಾಟಲಿಲ್ಲ. "ಏ ಗ್ಯಾನಪ್ಪ, ಕೆಂಡ ಇಸ್ಕೊಂಡವ್ರು ನೀವ ಅಲ್ಲೇನೋ? ಅನ್ನಲೇ, ಹ್ಞೂಂ ಅನ್ನು!"

ಅವನ ಬಾಯಲ್ಲಿ ಬೈಗುಳ ಇಲ್ಲದೆ ಅಲ್ಲ. ಆ ಗಂಟು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಬಿಚ್ಚಲಿಲ್ಲ. ಬಗ್ಗಿ, ನನ್ನನ್ನು ಎತ್ತಿ, ತಲೆಯ ಮೇಲೆ ಬೋರಲಾಗಿ ಇಟ್ಟುಕೊಂಡ. ನನ್ನ ನಾಲ್ಕೂ ಕಾಲು ಆಕಾಶಕ್ಕೆ. ಜೋತುಬಿದ್ದ ಹಗ್ಗ ಅವನ ಕಿವಿ ಮುಚ್ಚಿತು.

ಹಿಂದೆ ಕುರ್ಚಿ ಸರಿದ ಸದ್ದು. ಒಂದೋ, ಹತ್ತೋ, ತಲೆಕೆಳಗಾದ ನನಗೆ ಕಾಣಲಿಲ್ಲ.

"ಏ, ನಿಂಗ ಹೇಳಾಕತ್ತಿದ್ದು!" ಮೈಕು ಕೂಗಿತು.

ಗ್ಯಾನಪ್ಪ ನಳದ ಕಡೆಗೆ ನಡೆದ.