ಒಂಬತ್ತು ಕುರ್ಚಿ

"ಫೋನಲ್ಲೇ ಬಡ್ಕೊಂಡೆನಲ್ಲ ಓಜೆಲ್ಲಾ, ಮೆಡಿಕೇರ್ ಕಾರ್ಡಿನ ಹೊಸಬರನ್ನ ತಗೊಳ್ಳಲ್ಲ ಅಂತ. ಕಿವಿ ಕೇಳ್ಸಲ್ವಾ ನಿಂಗೆ?"

ಗಾಜಿನ ಕಿಂಡಿಯ ಹಿಂದೆ ಕೂತ ಕೋರ್ಟ್ನಿಗೆ ಇಪ್ಪತ್ತೆರಡು ದಾಟಿರಲಿಲ್ಲ. ಮೊಮ್ಮಗಳ ವಯಸ್ಸಿನ ಬಿಳಿ ಹುಡುಗಿ ಹೆಸರು ಹಿಡಿದು ಏಕವಚನದಲ್ಲಿ ಗದರುವುದು ಕಪ್ಪು ಹೆಂಗಸಾದ ಓಜೆಲ್ಲಾಗೆ ಹೊಸದೇನಲ್ಲ. ಆದರೂ ಮೈ ಉರಿಯಿತು.

"ನಾನು ವಸಬ್ಳಾ? ಎಪ್ಪತ್ತೊಂದು ವರ್ಸದಿಂದ ಇದೇ ಊರ್ನಾಗಿವ್ನಿ ಕಣವ್ವ. ನೀವು ತಿನ್ನೋ ಮೀನು ಕುಯ್ದೂ ಕುಯ್ದೂ ಕೈ ಸೊಟ್ಟಗಾಗೈತೆ."

"ಮುಂದಿನವರು ಬನ್ನಿ!"

ಮುದುಕರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆಯನ್ನು ಒಪ್ಪುವ ಡಾಕ್ಟರುಗಳೆಂದು ಕಳಿಸಿದ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಒಬ್ಬ ಸತ್ತಿದ್ದ. ಇಬ್ಬರು ಊರು ಬಿಟ್ಟಿದ್ದರು. ಒಬ್ಬಳು ಶ್ರೀಮಂತರ ಮುಖದ ಸುಕ್ಕು ತೆಗೆಯುವ ಧಂದೆಗಿಳಿದಿದ್ದಳು. ಮಿಕ್ಕವರ ಫೋನು ಸಂಗೀತ ಕೇಳಿಸಿ ಕೇಳಿಸಿ ಕಟ್ಟಾಗುತ್ತಿತ್ತು. ಕೊನೆಗೆ ಉಳಿದದ್ದು ಈ ಕ್ಲಿನಿಕ್ಕಿನ ಟೆರಿಯೊಬ್ಬಳೇ. ಡೆಲ್ಟಾ ಸೀಮೆಯ ಆ ಊರಿಗೆ ಡಾಕ್ಟರು ಮುಖ ತೋರಿಸುತ್ತಿದ್ದದ್ದು ತಿಂಗಳಿಗೊಮ್ಮೆ. ರೋಗಿಗಳನ್ನು ನೋಡಿ ಔಷಧಿ ಬರೆಯುತ್ತಿದ್ದವಳು ಅವರ ಫಿಸಿಶಿಯನ್ ಅಸಿಸ್ಟೆಂಟ್ ಟೆರಿ. ಓಜೆಲ್ಲಾಳ ಅಂಗಾಲಿನಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು ಹನ್ನೊಂದು ವಾರದಿಂದ ಮಾಯುತ್ತಿರಲಿಲ್ಲ. ಹೀಗೇ ಕಾದೂ ಕಾದೂ ಅಕ್ಕ ವರ್ಡೆಲ್ ಮೊಣಕಾಲಿನ ತನಕ ಒಂದು ಕಾಲು ಕಳೆದುಕೊಂಡಿದ್ದಳು. ಓಜೆಲ್ಲಾಗೆ ಹೆದರಿಕೆಯಾಗಿತ್ತು. ಹೆದರಿಕೆಯಾದಷ್ಟೂ ಅವಳ ಬಾಯಿ ಜೋರಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಚರ್ಚಿನ ವ್ಯಾನಿನಿಂದ ಓಜೆಲ್ಲಾ ಸೇರಿ ಒಂಬತ್ತು ಮುದುಕಿಯರು ಇಳಿದರು. ಕಾಯುವ ಕೋಣೆಯಲ್ಲಿದ್ದದ್ದು ಒಂಬತ್ತೇ ಕುರ್ಚಿ. ನಿನ್ನೆ ಬೈಸಿಕೊಳ್ಳುತ್ತ ನಿಂತಾಗಲೇ ಓಜೆಲ್ಲಾ ನೋಡಿಕೊಂಡಿದ್ದಳು.

ಎಲ್ಲರೂ ಮೀನಿನ ಕಾರ್ಖಾನೆಯಲ್ಲಿ ಒಂದೇ ಸಾಲಿನಲ್ಲಿ ನಿಂತು ಕುಯ್ದವರು. ಕಕ್ಕಸಿಗೆ ಹೋದವರ ಹೊತ್ತು ಅಳೆಯಲು ಮೇಸ್ತ್ರಿ ಗಡಿಯಾರ ಹಿಡಿದ ದಿನ ಒಬ್ಬರೂ ಕೂಗಾಡಿರಲಿಲ್ಲ. ಚಾಕು ಕೆಳಗಿಟ್ಟು ಕೈ ಕಟ್ಟಿ ನಿಂತಿದ್ದರು. ಮೀನು ಗುಡ್ಡೆಯಾಗಿ ಮೇಸ್ತ್ರಿಯ ಮೊಣಕಾಲು ಮುಟ್ಟಿದ ಮೇಲೆ ಅವನೇ ದಾರಿಗೆ ಬಂದಿದ್ದ.

ಈಗ ಅವರು ತಂದಿದ್ದ ಬಕೆಟ್ಟುಗಳನ್ನು ಮಂಡಿಯ ನಡುವೆ ಇಟ್ಟುಕೊಂಡು ಅಲಸಂದೆ ಕಾಯಿ ಸುಲಿಯತೊಡಗಿದರು. ನೇರಳೆ ಸಿಪ್ಪೆಯ ಬಣ್ಣ ಬೆರಳಿಗೆಲ್ಲ ಹತ್ತಿತು.

"ಏನಿದು? ಎದ್ದೇಳಿ!" ಕೋರ್ಟ್ನಿ ಕಿರುಚಿದಳು.

ಓಜೆಲ್ಲಾಳ ಗೆಳತಿ ವರ್ನೀಸ್ ಗೋಡೆಯ ಬೋರ್ಡು ತೋರಿಸಿದಳು. "'ದಯವಿಟ್ಟು ಕೂತು ಕಾಯಿರಿ' ಅಂತ ನೀವೇ ಬರ್ಸಿದ್ದೀರಲ್ಲ ತಾಯಿ. ನಾವು ಓದಕ್ಕೆ ಬರೋ ಮುಂಡೇವು."

ಕಾಸಿದ್ದ ರೋಗಿಗಳು ಗೋಡೆಗೊರಗಿ ನಿಂತರು. ಬ್ಯಾಂಕ್ ಮ್ಯಾನೇಜರನ ಹೆಂಡತಿ ಎತ್ತರದ ಹಿಮ್ಮಡಿಯ ಚಪ್ಪಲಿಯ ಮೇಲೆ ಕಾಲು ಬದಲಾಯಿಸುತ್ತಿದ್ದುದನ್ನು ಕಂಡು ವರ್ನೀಸ್ ಒಂದು ಹಿಡಿ ಕಾಯಿ ಚಾಚಿದಳು. "ಸುಮ್ಕೆ ನಿಂತಿದ್ದೀಯಲ್ಲ, ಸುಲಿಯವ್ವ." ಆಕೆ ಅತ್ತಿತ್ತ ನೋಡಿ, ಸುಲಿಯಲು ಶುರುಮಾಡಿದಳು. ಮುದುಕಿಯರು ನಕ್ಕ ನಗೆಗೆ ಕಿಂಡಿಯ ಗಾಜು ಅದುರಿತು.

ಹತ್ತೂವರೆಗೆ ಒಳಬಾಗಿಲು ತೆರೆಯಿತು. ಟೆರಿ ಮ್ಯಾನೇಜರನ ಹೆಂಡತಿಯನ್ನು ಕರೆದಳು. ಓಜೆಲ್ಲಾ ಎದ್ದವಳೇ ಬಟ್ಟೆ ಸುತ್ತಿದ ಕಾಲನ್ನು ಹೊಸ್ತಿಲಿಗೆ ಅಡ್ಡ ಇಟ್ಟಳು. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬಂದು ಬಡಿಯಿತು. ಜೀವ ಬಾಯಿಗೆ ಬಂದರೂ ಕಾಲು ಕದಲಲಿಲ್ಲ.

"ನೋಡ್ಬುಟ್ಟು ಆಮೇಲೆ ಮಾತಾಡು," ಎಂದಳು. "ನಮ್ಮಕ್ಕಂಗೂ ಹಿಂಗೇ ಆಗಿತ್ತು. ಈಗ ಅವ್ಳಿಗೆ ಒಂದೇ ಬೂಟು ಸಾಕು."

ಟೆರಿ ಮೂಗು ಅರಳಿಸಿದಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಬಿಚ್ಚತೊಡಗಿದಳು.

"ಅವಳ ಹೆಸರು ನಮ್ಮ ಪುಸ್ತಕದಲ್ಲಿ ಇಲ್ಲ!" ಕಿಂಡಿಯಿಂದ ಕೋರ್ಟ್ನಿ ಕೂಗಿದಳು.

"ಹಾಗಾದ್ರೆ ಬರಿ," ಟೆರಿ ತಲೆಯೆತ್ತಲಿಲ್ಲ.

"ಮಿಸೆಸ್ ಓಜೆಲ್ಲಾ ಟಾಲಿವರ್ ಅಂತ ಬರ್ಕೊ," ಓಜೆಲ್ಲಾ ಹೇಳಿದಳು. "ಮಿಸೆಸ್ಸು ಮರೀಬ್ಯಾಡ."

ಕೋರ್ಟ್ನಿ ಪೆನ್ನು ಹುಡುಕಿಕೊಂಡು ತಲೆಯೆತ್ತುವಷ್ಟರಲ್ಲಿ, ವರ್ನೀಸ್ ಬಕೆಟ್ಟು ಕೆಳಗಿಟ್ಟು, ಮುಂದಿನ ಸರದಿ ತನ್ನದೆಂಬಂತೆ ತನ್ನ ಬೂಟಿನ ದಾರ ಬಿಚ್ಚುತ್ತಿದ್ದಳು.