ಎರಡು ನೀರಿನ ನಡುವಿನ ಏರಿ

ಕಲ್ಮಡುವಿಗೆ ಹೊಳೆ ಬರುವುದು ಹೊಸದೇನಲ್ಲ. ಸಾಸ್ವೆಹಳ್ಳಿಯಿಂದ ತುಂಗಭದ್ರೆಯ ಗುಂಟ ಮೂರು ಮೈಲಿ ನಡೆದರೆ ಸಿಗುವ ತಗ್ಗಿನ ಊರು ಅದು. ಮೂರು ನಾಲ್ಕು ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ನೀರು ಅಂಗಳಕ್ಕೆ ಬಂದು, ಒಂದು ದಿನ ಇದ್ದು, ತಾನಾಗಿ ಇಳಿಯುತ್ತಿತ್ತು. ಜನ ಕಾಳುಕಡಿ ಅಟ್ಟಕ್ಕೇರಿಸಿ, ದನ ಹೊಡೆದುಕೊಂಡು ಹಳ್ಳದಾಚೆಯ ದಿಬ್ಬಕ್ಕೆ ಹೋಗುತ್ತಿದ್ದರು. ವಾಪಸು ಬಂದು ಕೆಸರು ಬಳಿದು, ಗೋಡೆ ಸಾರಿಸಿ, ಮತ್ತೆ ಒಲೆ ಹಚ್ಚುತ್ತಿದ್ದರು.

1979ರಲ್ಲಿ ಊರ ಸುತ್ತ ಏರಿ ಬಂತು. ಕೂಲಿಗೆ ಕಾಳು ಕೊಡುವ ಯೋಜನೆಯಲ್ಲಿ ಊರಿನವರೇ ಬುಟ್ಟಿ ಹೊತ್ತು ಒಂದು ಬೇಸಿಗೆಯಿಡೀ ಮಣ್ಣು ಸುರಿದರು. ಕುದುರೆ ಲಾಳದ ಆಕಾರದ ಏರಿ. ಅದರ ಎರಡು ತುದಿಯೂ ಊರ ಹಿಂದಿನ ನಾಲೆಯ ದಂಡೆಗೆ ಸೇರುತ್ತಿದ್ದವು. ಒಳಗೆ ಬಿದ್ದ ಮಳೆನೀರು ಹೊಳೆಗೆ ಹೋಗಲೆಂದು ಕೆಳಮೂಲೆಯಲ್ಲಿ ಒಂದು ತೂಬು, ತೂಬಿಗೊಂದು ಕಬ್ಬಿಣದ ಬಾಗಿಲು. ಹೊಳೆ ಇಳಿದಿದ್ದಾಗ ಬಾಗಿಲು ಎತ್ತಬೇಕು, ಏರಿದಾಗ ಮುಚ್ಚಬೇಕು. ಆ ಕೆಲಸಕ್ಕೆ ಇಲಾಖೆಯವರು ಚಿಕ್ಕಹನುಮಂತಪ್ಪನನ್ನು ದಿನಗೂಲಿಯ ನೀರುಗಂಟಿಯಾಗಿ ತೆಗೆದುಕೊಂಡರು. ನಲವತ್ತೈದರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಬಾಗಿಲು ತಿರುಗಿಸುವ ಕಬ್ಬಿಣದ ಹಿಡಿಯನ್ನು ಮನೆಯಲ್ಲಿ ದೇವರ ಗೂಡಿನ ಪಕ್ಕ ತೂಗುಹಾಕಿದ್ದ. ಐದು ವರ್ಷ ತಪ್ಪದೆ ಮಾಡಿದರೆ ಕೆಲಸ ಕಾಯಂ ಆಗುತ್ತದೆಂದು ಓವರ್‌ಸೀಯರ್ ಷಣ್ಮುಖಪ್ಪ ಹೇಳಿದ್ದರು. ಅವನ ಹೆಂಡತಿ ಕರಿಬಸಮ್ಮ ಈ ಮಾತನ್ನು ಊರಲ್ಲಿ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ.

1981ರ ಆಷಾಢದ ಒಂದು ಸೋಮವಾರ ಹೊಳೆ ಏರಿಯ ಬುಡ ಮುಟ್ಟಿತು. ಚಿಕ್ಕಹನುಮಂತಪ್ಪ ತೂಬಿನ ಬಾಗಿಲು ಇಳಿಸಿ ಮುಚ್ಚಿದ. ಸಂಜೆಯ ಹೊತ್ತಿಗೆ ಹೊರಗೆ ಆಳುದ್ದ ನೀರು. ಒಳಗೆ ಬರೀ ಕೆಸರು. ಜನ ಏರಿಯ ಮೇಲೆ ನಿಂತು ಕಣ್ತುಂಬ ನೋಡಿದರು. ಕೆಳಗಿನ ಬೀದಿಯ ಪಾಪಣ್ಣ, "ನೋಡು ಮಾವ, ಊರನ್ನ ತಟ್ಟೇಲಿ ಇಟ್ಟಂಗೈತೆ" ಎಂದು ಚಿಕ್ಕಹನುಮಂತಪ್ಪನಿಗೆ ಹೇಳಿ ನಕ್ಕ.

ಮರುದಿನ ಬೆಳಿಗ್ಗೆ ಊರ ಹಿಂದೆ ನಾಲೆ ಒಡೆಯಿತು.

ನಾಲೆಯ ನೀರು, ಮೇಲಿನ ಹೊಲಗಳ ನೀರು, ಆಕಾಶದ ನೀರು ಎಲ್ಲವೂ ಏರಿಯ ಒಳಗೆ ಬಂದು ಬಿದ್ದವು. ಹೊರಹೋಗಲು ಇದ್ದದ್ದು ಒಂದೇ ದಾರಿ, ಅದು ಮುಚ್ಚಿತ್ತು. ಹೊತ್ತು ನೆತ್ತಿಗೇರುವುದರೊಳಗೆ ಬೀದಿಯಲ್ಲಿ ಮೊಣಕಾಲುದ್ದ, ಆಮೇಲೆ ಸೊಂಟದುದ್ದ. ಜೋಳ ತುಂಬಿದ್ದ ನೆಲದಡಿಯ ಹಗೇವುಗಳಿಗೆ ನೀರು ನುಗ್ಗಿ ಗುಳುಗುಳು ಸದ್ದು ಮಾಡಿತು. ಜನ ಕೈಗೆ ಸಿಕ್ಕಿದ್ದು ಹೊತ್ತು, ದನಕರು ಎಳೆದುಕೊಂಡು ಏರಿ ಹತ್ತಿದರು. ದಿಬ್ಬಕ್ಕೆ ಹೋಗೋಣವೆಂದರೆ ಏರಿಯ ಒಂದು ತುದಿಯಲ್ಲಿ ನಾಲೆ ಒಡೆದ ಕಂದಕ, ಇನ್ನೊಂದು ತುದಿಯಲ್ಲಿ ಉಕ್ಕಿದ ಹಳ್ಳ. ಅದರ ಮೇಲಿನ ಸೇತುವೆ ಕಾಣಿಸುತ್ತಲೇ ಇರಲಿಲ್ಲ. ಎರಡು ಮಾರು ಅಗಲದ ಏರಿಯ ನೆತ್ತಿಯ ಮೇಲೆ ಅರವತ್ತು ಮನೆಯ ಜನ, ದನ, ಕುರಿ, ಕೋಳಿ. ಎಡಕ್ಕೆ ತಿರುಗಿದರೆ ಹೊಳೆ, ಬಲಕ್ಕೆ ತಿರುಗಿದರೆ ಮುಳುಗಿದ ಮನೆಗಳು. ಕಾಲು ಚಾಚಿ ಕೂರಲು ಜಾಗವಿಲ್ಲ. ಹಿಂದೆ ಹೊಳೆ ಬಂದರೆ ಓಡಿಹೋಗುತ್ತಿದ್ದ ಜನ ಈಗ ತಾವೇ ಹೊತ್ತು ಹಾಕಿದ ಮಣ್ಣಿನ ಮೇಲೆ ಸಿಕ್ಕಿಕೊಂಡಿದ್ದರು.

ಮಧ್ಯಾಹ್ನ ಪಾಪಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ತೂಬಿನ ಹತ್ತಿರ ಬಂದ.

"ಮಾವ, ಬಾಗಿಲು ಎತ್ತು. ಮಣ್ಣಿನ ಗೋಡೆ ಎಷ್ಟೊತ್ತು ನಿಲ್ತಾವೆ?"

"ಹೊಳೆ ಇನ್ನೂ ಮೇಲೈತೆ ಕಣೋ. ಎತ್ತಿದ್ರೆ ಹೊಳೇನೇ ಒಳಗೆ ಬರ್ತೈತೆ."

"ಯಾರು ಅಳೆದೋರು? ನನ್ನ ಕಣ್ಣಿಗೆ ಎರಡೂ ಒಂದೇ ಸಮ ಕಾಣ್ತಾವೆ. ಸಾಹೇಬರು ಬೈತಾರೆ, ಕೆಲಸ ಹೋಗ್ತೈತೆ ಅಂತ ನಿನಗೆ ಹೆದರಿಕೆ."

ಆ ಮಾತು ಪೂರ್ತಿ ಸುಳ್ಳಲ್ಲ ಎಂದು ಚಿಕ್ಕಹನುಮಂತಪ್ಪನಿಗೆ ಗೊತ್ತಿತ್ತು. ಅದಕ್ಕೇ ಹೆಚ್ಚು ಚುಚ್ಚಿತು. ಹಿಡಿ ಕರಿಬಸಮ್ಮನ ಮಡಿಲಲ್ಲಿತ್ತು. ಪಾಪಣ್ಣ ಅದಕ್ಕೆ ಕೈಹಾಕಿದ. ಅವಳು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೂತಳು. ಸುತ್ತ ನಿಂತವರಲ್ಲಿ ಒಬ್ಬರೂ ಬಿಡಿಸಲು ಬರಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆ ನೋಡುತ್ತಿದ್ದರು.

"ಜಗಳ ಯಾಕೆ, ಅಳೆಯೋಣ ಬರ್ರಿ," ಎಂದು ನನ್ನೇಸಾಬ ಮುಂದೆ ಬಂದ. ಹೊನ್ನಾಳಿವರೆಗೆ ಮನೆ ಕಟ್ಟಲು ಹೋಗುತ್ತಿದ್ದ ಗಾರೆ ಕೆಲಸದವನು. ಮನೆ ಬಿಡುವಾಗ ಅವನು ಅಕ್ಕಿಯ ಚೀಲ ಬಿಟ್ಟು ಕೆಲಸದ ಚೀಲ ಹೊತ್ತು ಬಂದಿದ್ದಕ್ಕೆ ಹೆಂಡತಿ ಖಮರುನ್ನೀಸಾ ಬೆಳಗಿನಿಂದ ಅವನ ಜೊತೆ ಮಾತಾಡಿರಲಿಲ್ಲ. ಈಗ ಅವಳೇ ಚೀಲ ಬಿಚ್ಚಿ ಗಾಜಿನಂತೆ ಒಳಗಿನದು ಕಾಣುವ ಉದ್ದ ಪೈಪು ತೆಗೆದುಕೊಟ್ಟಳು. ಅದರಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗೋಡೆಯ ಮಟ್ಟ ಹಿಡಿಯುವುದು ಹಾಗೆಯೇ. ಏರಿಯ ಎರಡು ಅಂಚಿಗೂ ಒಂದೊಂದು ಗೂಟ ನೆಟ್ಟು, ಪೈಪಿನ ಮಟ್ಟಕ್ಕೆ ಎರಡರ ಮೇಲೂ ಗೆರೆ ಎಳೆದ. ಗೆರೆಯಿಂದ ನೀರಿನವರೆಗೆ ದಾರ ಇಳಿಬಿಡಲು ಪಾಪಣ್ಣನ ಕೈಗೇ ಕೊಟ್ಟ.

ಹೊಳೆಯ ಕಡೆಯ ದಾರ ಒಂದೂವರೆ ಮೊಳ ಗಿಡ್ಡವಿತ್ತು. ಹೊಳೆ ಅಷ್ಟು ಮೇಲಿತ್ತು.

ಪಾಪಣ್ಣ ದಾರವನ್ನು ಮತ್ತೆ ಮತ್ತೆ ಬೆರಳಿಗೆ ಸುತ್ತಿ ನೋಡಿದ. ಆಮೇಲೆ ಹೋಗಿ ತನ್ನ ತಾಯಿ ಕಲ್ಲಮ್ಮನ ಪಕ್ಕ ಕೂತ.

ಬುಧವಾರ ಮನೆಗಳು ಬೀಳತೊಡಗಿದವು. ಮೊದಲು ನೆನೆದ ಗೋಡೆ ಬುಡದಲ್ಲಿ ಕರಗುತ್ತಿತ್ತು, ಮೇಲಿನ ಭಾರ ಸ್ವಲ್ಪ ವಾಲುತ್ತಿತ್ತು, ಆಮೇಲೆ ಧೊಪ್ಪೆಂದು ಕೂರುತ್ತಿತ್ತು. ಯಾರ ಮನೆಯೆಂದು ಯಾರೂ ಕೂಗಿ ಹೇಳುತ್ತಿರಲಿಲ್ಲ. ಎರಡು ಕಡೆಯೂ ನೀರಿದ್ದು ಕುಡಿಯಲು ನೀರಿರಲಿಲ್ಲ. ಹೆಂಗಸರು ಸೀರೆ ಹಿಡಿದು ಮಳೆನೀರನ್ನು ಕೊಡಕ್ಕೆ ಇಳಿಸಿಕೊಂಡರು. ಹಸಿದ ಎಮ್ಮೆಯೊಂದು ತನ್ನ ಕೊಟ್ಟಿಗೆ ನೋಡಿ ನೀರಿಗೆ ಹಾರಿ, ಈಜಿ ಹೋಗಿ, ಬಾಗಿಲು ಸಿಗದೆ ಸುತ್ತಿ ಸುತ್ತಿ ಸತ್ತಿತು. ನನ್ನೇಸಾಬ ಆಗಾಗ ದಾರ ಇಳಿಬಿಟ್ಟು ಹೊಳೆ ಇನ್ನೆಷ್ಟು ಮೇಲಿದೆಯೆಂದು ಹೇಳುತ್ತಿದ್ದ. ಒಂದು ಮೊಳ. ಮುಕ್ಕಾಲು ಮೊಳ. ಜನ ಅವನ ಬಾಯನ್ನೇ ನೋಡುತ್ತಿದ್ದರು.

ಗುರುವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಹೊಳೆ ಒಳಗಿನ ನೀರಿಗಿಂತ ಒಂದು ಗೇಣು ಕೆಳಗೆ ಹೋಗಿತ್ತು, ಇನ್ನೂ ಇಳಿಯುತ್ತಿತ್ತು. ಚಿಕ್ಕಹನುಮಂತಪ್ಪ ಹಿಡಿ ತೆಗೆದುಕೊಂಡು ತೂಬಿನ ಕಟ್ಟೆಗೆ ಇಳಿದ. ಹಿಡಿ ಅರ್ಧ ಸುತ್ತು ತಿರುಗಿ ನಿಂತಿತು. ಮೂವರು ಸೇರಿ ಒತ್ತಿದರು. ತಿರುಪಿನ ಸರಳು ಬಾಗಿತೇ ಹೊರತು ಬಾಗಿಲು ಏಳಲಿಲ್ಲ. ಪಾಪಣ್ಣ ಮೂರು ಸಲ ಮುಳುಗಿ ಎದ್ದು, "ಕೆಳಗೆ ಹೂಳು ಕೂತೈತೆ ಮಾವ. ಮರದ ಬೊಡ್ಡೆ ಒಂದು ಅಡ್ಡ ಸಿಕ್ಕೈತೆ. ಬಾಗಿಲು ಸತ್ತಂಗೈತೆ" ಎಂದ.

ಅದೇ ಹೊತ್ತಿಗೆ ಹಳ್ಳದಾಚೆ ಓವರ್‌ಸೀಯರ್ ಷಣ್ಮುಖಪ್ಪ ಕಾಣಿಸಿದರು. ಪ್ಯಾಂಟು ಮೊಣಕಾಲವರೆಗೆ ಕೆಸರಾಗಿತ್ತು. ಹೊನ್ನಾಳಿಯಿಂದ ಅರ್ಧ ದಾರಿ ನಡೆದೇ ಬಂದಿದ್ದರು. ಚಿಕ್ಕಹನುಮಂತಪ್ಪ ಏರಿಯ ತುದಿಗೆ ಓಡಿದ.

"ಬಾಗಿಲು ಏಳ್ತಿಲ್ರೀ! ಏರಿ ಕಡಿಬೇಕು!"

"ಮುಟ್ಟಬೇಡ್ರಿ! ಸಾಹೇಬರ ಆರ್ಡರ್ ಇಲ್ದೆ ಏರಿ ಮುಟ್ಟಬೇಡ್ರಿ!"

"ಆರ್ಡರ್ ಯಾವಾಗ ಬರ್ತೈತ್ರಿ?"

"ನಾಳೆ, ಇಲ್ಲಾಂದ್ರೆ ನಾಡಿದ್ದು. ಮಲೆನಾಡಲ್ಲಿ ಮತ್ತೆ ಮಳೆ ಹಿಡಿದೈತಂತೆ, ಸಂಜೆಗೆ ಹೊಳೆ ಏರ್ತೈತೆ! ಕಡಿದ ಮೇಲೆ ಹೊಳೆ ಒಳಗೆ ಬಂದ್ರೆ ಯಾರು ಜವಾಬು?"

ಚಿಕ್ಕಹನುಮಂತಪ್ಪ ತೂಬಿನ ಕಡೆ ತಿರುಗಿ ನಡೆದ. ಓವರ್‌ಸೀಯರ್ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕಡಿದರೆ ಹೊಳೆ ಬರಬಹುದು, ಉಳಿದ ಮನೆಯೂ ಹೋಗುತ್ತದೆ, ಏರಿಯೂ ಹೋಗುತ್ತದೆ, ಮೇಲಿರುವ ಜನವೂ ಹೋಗುತ್ತಾರೆ. ಕಡಿಯದಿದ್ದರೆ ಇನ್ನೆರಡು ದಿನದಲ್ಲಿ ಊರೆಂಬುದು ಮಣ್ಣಿನ ಗುಡ್ಡೆ. ಅವನು ತೂಬಿನ ಕಟ್ಟೆಯ ಮೇಲೆ ಕುಕ್ಕರಿಸಿದ. ಜನ ಸುತ್ತ ನಿಂತರು. ನಿನ್ನೆಯವರೆಗೆ ಬೈದಿದ್ದವರು ಈಗ ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈಗುಳವೇ ವಾಸಿ ಅನಿಸಿತು ಅವನಿಗೆ.

ಕರಿಬಸಮ್ಮ ಗುದ್ದಲಿ ತಂದು ಅವನ ಮುಂದೆ ಇಟ್ಟಳು.

"ಕಾಯಂ ಆಗೋದು ಹಾಳಾಗಿ ಹೋಗ್ಲಿ. ಈ ಮಣ್ಣು ಹೊತ್ತೋಳು ನಾನೂ ಹೌದಲ್ರೀ? ಕಡೀರಿ."

ಅವನು ಗುದ್ದಲಿ ಮುಟ್ಟದೆ ನನ್ನೇಸಾಬನ ಕಡೆ ತಿರುಗಿದ. "ಕಡಿಯೋದು ಯಾರಿಗಾದ್ರೂ ಬರ್ತೈತೆ. ಮುಚ್ಚೋದು ಹೆಂಗೆ? ಅದನ್ನ ಮೊದ್ಲು ಹೇಳು ಸಾಬಣ್ಣ."

ನನ್ನೇಸಾಬ ಹೇಳಿದಂತೆ ಜನ ಸೊಂಟಮಟ್ಟ ನೀರಿಗಿಳಿದು ಬಿದ್ದ ಮನೆಗಳ ತೊಲೆ, ಕದ, ಅಡಿಪಾಯದ ಕಲ್ಲು ಎಳೆದು ತಂದರು. ಏರಿ ಕಟ್ಟುವಾಗ ಕೂಲಿಯ ಗೋಧಿ ಬಂದಿದ್ದ ಗೋಣಿಚೀಲಗಳಿಗೆ ಮಣ್ಣು ತುಂಬಿ ಹೊಲಿದರು. ಒಂದು ಎತ್ತಿನ ಗಾಡಿಯನ್ನು ಕಡಿಯುವ ಜಾಗದ ಪಕ್ಕಕ್ಕೆ ತಂದಿಟ್ಟರು. ಎಲ್ಲ ಕೈಗೆ ಸಿಗುವ ಹಾಗಾದ ಮೇಲೆ ಚಿಕ್ಕಹನುಮಂತಪ್ಪ ಮೊದಲ ಗುದ್ದಲಿ ಹಾಕಿದ. ಹಳ್ಳದಾಚೆಯಿಂದ ಷಣ್ಮುಖಪ್ಪನವರ ಕೂಗು ಒಂದೆರಡು ಸಲ ಕೇಳಿ ಆಮೇಲೆ ನಿಂತಿತು.

ಒಂದು ಮಾರು ಅಗಲ ಕಡಿದದ್ದು. ನೀರು ನುಗ್ಗಿದ ರಭಸಕ್ಕೆ ಅಂಚಿನ ಮಣ್ಣು ಕುಸಿದು ಎರಡು ಮಾರಾಯಿತು. ಕಲ್ಲು ಸುರಿದು ಅಷ್ಟಕ್ಕೆ ತಡೆದರು. ಮೂರು ದಿನ ಊರಲ್ಲಿ ಕೂತಿದ್ದ ನೀರು ಕೆಂಪಗೆ, ಚಪ್ಪರ ಚಾಪೆ ಹೊತ್ತು ಹೊಳೆಗೆ ಬಿತ್ತು. ಮಧ್ಯಾಹ್ನ ಕಳೆಯುವುದರೊಳಗೆ ಬೀದಿಯ ನೀರು ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಕಲ್ಲಮ್ಮನ ಮನೆಯ ಹೊಸ್ತಿಲು ಕಂಡಿತು. ಮುದುಕಿ ಕೈಮುಗಿದಳು.

ಅಷ್ಟರಲ್ಲಿ ನನ್ನೇಸಾಬ ಹೊಳೆಯ ಕಡೆಯ ದಾರ ಹಿಡಿದು, "ನಾಲ್ಕು ಬೆರಳು ಏರೈತೆ" ಎಂದ.

"ಮುಚ್ಚು," ಎಂದ ಚಿಕ್ಕಹನುಮಂತಪ್ಪ.

"ಇನ್ನೊಂದು ಗೇಣು ಇಳೀಲಿ ಮಾವ, ಇನ್ನೂ ಹೊರಗೇ ಹೋಗ್ತೈತಲ್ಲ!"

"ಮುಚ್ಚೋ ಪಾಪಣ್ಣ! ಈಗ ಬಿಟ್ರೆ ಆಗಲ್ಲ."

ಗಾಡಿಯನ್ನು ಅಡ್ಡ ಕೆಡವಿದರು, ಅದಕ್ಕೆ ತೊಲೆ ಆನಿಸಿದರು. ಕದಗಳು ನಿಲ್ಲಲಿಲ್ಲ, ನೀರು ಎಳೆದುಕೊಂಡಿತು. ಚಿಕ್ಕಹನುಮಂತಪ್ಪ ಕೊರಕಲಿಗೇ ಇಳಿದು ಕದಕ್ಕೆ ಬೆನ್ನು ಕೊಟ್ಟು ನಿಂತ. ಪಾಪಣ್ಣ ಅವನ ಪಕ್ಕಕ್ಕೆ ಧುಮುಕಿದ. ಕಾಲು ಮೊಣಕಾಲವರೆಗೆ ಹೂಳಿನಲ್ಲಿ ಹೂತವು. ಎದೆಯ ಮುಂದೆ ಚೀಲದ ಮೇಲೆ ಚೀಲ ಬೀಳುತ್ತಿತ್ತು. ಬೆನ್ನ ಹಿಂದೆ ಹೊಳೆ ಏರುತ್ತಿತ್ತು. ಒಂದು ಗಳಿಗೆಯಲ್ಲಿ ಅವನಿಗೆ ಕಾಲು ಕೀಳಲು ಆಗುವುದಿಲ್ಲವೆಂದು ಗೊತ್ತಾಯಿತು. ಈ ಏರಿಯೊಳಗೆ ತಾನೂ ಒಂದು ಚೀಲವಾಗಿ ಉಳಿಯುವೆನೆಂದು ಹೆದರಿ ಎರಡೂ ಕೈಯಿಂದ ಕದದ ಅಂಚು ಹಿಡಿದ. ಪಕ್ಕದಲ್ಲಿ ಪಾಪಣ್ಣನ ಹಲ್ಲು ಕಟಕಟ ಅನ್ನುತ್ತಿತ್ತು. "ಮಾವ, ಇದೀಯೇನು?" ಎಂದ. "ಇದೀನಿ," ಎಂದ ಚಿಕ್ಕಹನುಮಂತಪ್ಪ. ಅಷ್ಟು ಮಾತಿಗೇ ಉಸಿರು ವಾಪಸು ಬಂತು. ಚೀಲಗಳು ಎದೆಮಟ್ಟಕ್ಕೆ ಬಂದಾಗ ಮೇಲಿನವರು ಇಬ್ಬರ ಕಂಕುಳಿಗೂ ಹಗ್ಗ ಹಾಕಿ ಕಿತ್ತು ತೆಗೆದರು.

ಹೊತ್ತು ಮುಳುಗುವ ಮೊದಲು ಕೊರಕಲು ಮುಚ್ಚಿತು. ಹೊಳೆ ಏರಿ, ತೇಪೆಯ ನೆತ್ತಿಗಿಂತ ಒಂದು ಗೇಣು ಕೆಳಗೆ ನಿಂತು, ಶನಿವಾರ ಇಳಿಯಿತು. ಅರವತ್ತರಲ್ಲಿ ಇಪ್ಪತ್ತೆರಡು ಮನೆ ಬಿದ್ದಿದ್ದವು. ಒಬ್ಬರ ಜೀವವೂ ಹೋಗಿರಲಿಲ್ಲ.

ಮೂರು ವಾರದ ಮೇಲೆ ವಿಚಾರಣೆಗೆ ಸಾಹೇಬರು ಬಂದರು. ಏರಿ ತಾನಾಗಿ ಒಡೆಯಿತೆಂದು ಹೇಳಲು ಊರವರು ಮಾತಾಡಿಕೊಂಡಿದ್ದರು. ಷಣ್ಮುಖಪ್ಪನವರೂ ಹಾಗೇ ಬರೆಯಲು ತಯಾರಿದ್ದರು. ಚಿಕ್ಕಹನುಮಂತಪ್ಪ ಎದ್ದು ನಿಂತ.

"ನಾನು ಕಡಿದೆ ಸ್ವಾಮಿ. ತಾನಾಗಿ ಒಡೀತು ಅಂದ್ರೆ ನೀವು ಏರೀನ ಇನ್ನೂ ಎತ್ತರ ಮಾಡ್ತೀರಿ, ತೂಬು ಹಂಗೇ ಇರ್ತೈತೆ. ನೀರು ಹೋಗಾಕೆ ದಾರಿ ಇಲ್ದೆ ಕಡಿದೆ. ಹಂಗಂತ ಬರೀರಿ."

ಹಾಗೆಯೇ ಬರೆದರು. ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ತೆಗೆದ ಕಾಗದ ಬಂತು. ಕರಿಬಸಮ್ಮ ಎರಡು ದಿನ ಮಂಕಾಗಿದ್ದಳು, ಯಾರ ಮನೆಗೂ ಹೋಗಲಿಲ್ಲ. ಅವನು ನನ್ನೇಸಾಬನ ಜೊತೆ ಗಾರೆ ಕಲಸಲು ಹೊರಟ.

ಎರಡು ವರ್ಷದ ಮೇಲೆ ಹಳೇ ತೂಬಿನ ಜಾಗದಲ್ಲಿ ಮೂರು ಕಣ್ಣಿನ ದೊಡ್ಡ ತೂಬು ಕಟ್ಟಿದರು. ಬಾಗಿಲು ಹೊಳೆಯ ಕಡೆಗೆ. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಹೊಳೆ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನೀರುಗಂಟಿ ಬೇಕಿರಲಿಲ್ಲ. ಆ ಬಾಗಿಲುಗಳ ಪಕ್ಕದ ಕಲ್ಲಿಗೆ ಗಾರೆ ಕೊಟ್ಟವರಲ್ಲಿ ಚಿಕ್ಕಹನುಮಂತಪ್ಪನೂ ಒಬ್ಬ. ತೂಬು ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ಮಳೆ ಜೋರಾದ ದಿನ ಏರಿಯೊಳಗೆ ಅವನಿಗೆ ಊಟ ಸೇರುತ್ತಿರಲಿಲ್ಲ, ಕಾಲು ಹೂತಂತಾಗುತ್ತಿತ್ತು. ಕೊನೆಗೆ ಹಳ್ಳದಾಚೆಯ ದಿಬ್ಬದ ಮೇಲೆ ನನ್ನೇಸಾಬನನ್ನು ಕರೆದುಕೊಂಡು ಹೋಗಿ ಎರಡು ಅಂಕಣದ ಮನೆಗೆ ಗುದ್ದಲಿ ಪೂಜೆ ಮಾಡಿದ. ಮುಂದಿನ ಬೇಸಿಗೆಯಲ್ಲಿ ಪಾಪಣ್ಣನೂ ಅದರ ಪಕ್ಕದಲ್ಲಿ ಪಾಯ ತೋಡಿಸಿದ.