ಇಲಿ ಕಡಿದ ವಾಯರು

ಆ ಮುಂಜಾನೆ ಮಂಜಿನ ಕಾವಳ ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಅಂಗಳದ ಶಿಲುಬೆಯೂ ಕಾಣುತ್ತಿರಲಿಲ್ಲ. ಸಾಗವಾನಿ ಎಲೆಗಳಿಂದ ಹನಿ ತೊಟ್ಟಿಕ್ಕುವ ಸಪ್ಪಳದ ನಡುವೆ ಅಂತೋನಿ ತನ್ನ ಹಳೆಯ ವ್ಯಾನಿನ ಹಿಂದಿನ ಸೀಟು ಎತ್ತಿ ಒಳಗೆ ಬಗ್ಗಿದ್ದ. ಕೀಲಿ ತಿರುವಿದರೆ ಗಾಡಿ ಉಸಿರೆತ್ತಿರಲಿಲ್ಲ.

ಪಂಪ್‌ಸೆಟ್ ರಿಪೇರಿಯ ಅಂತೋನಿ ಆ ವ್ಯಾನಿನ ಪೆಟ್ರೋಲ್ ಇಂಜಿನ್ ಕಿತ್ತು, ಮೋಟಾರು ಕೂಡಿಸಿ, ಕರೆಂಟಿನ ಗಾಡಿ ಮಾಡಿದ್ದು ಹೆಂಡತಿ ಮಾರ್ಗರೀಟಾಳಿಗಾಗಿ. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ರಕ್ತ ತೊಳೆಸಲು ಹಳಿಯಾಳಕ್ಕೆ ಹೋಗಬೇಕು; ಕಾಡಿನ ಆ ದಾರಿಗೆ ಬಸ್ಸಿಲ್ಲ, ಬೈಕಿನ ಮೇಲೆ ಅವಳು ಕೂತಲ್ಲೇ ವಾಲುತ್ತಿದ್ದಳು. ಬ್ಯಾಟರಿಗಳು ಮಾತ್ರ ಓಣಿಯ ಕಾಶೀಮನವು. "ಮಾಮಿ ಆರಾಮ ಆಗೂತನಾ ಇಟ್ಕೋರಿ ಮಾಮಾ," ಎಂದು ಅವನೇ ತನ್ನ ಕರೆಂಟ್ ರಿಕ್ಷಾದಿಂದ ಬಿಚ್ಚಿ ಕೊಟ್ಟಿದ್ದ. ಆರಾಮ ಆಗುವ ಬೇನೆ ಅದಲ್ಲವೆಂದು ಹೇಳಲು ಆಗ ಯಾರಿಗೂ ಮನಸ್ಸಾಗಿರಲಿಲ್ಲ.

"ಮತ್ತ ಇಲಿಯೇನ್ರಿ?" ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತ ಮಾರ್ಗರೀಟಾ ಕೇಳಿದಳು. ಜಪಮಾಲೆ ಬೆರಳಲ್ಲಿತ್ತು.

"ಹೂಂ."

"ಇಷ್ಟು ದೊಡ್ಡ ಮೇಸ್ತ್ರಿ, ಒಂದ ಇಲಿಗಿ ಸೋತ್ರಲ್ಲ!"

ಹೋದ ವಾರವೂ ಹೀಗೇ ಆಗಿತ್ತು. ಇಲಿಯೆಂದೇ ತಿಳಿದು ಅವನು ವಾಯರನ್ನೆಲ್ಲ ಬದಲಿಸಿ, ಹಸಿರು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ, ಪಕ್ಕದಲ್ಲಿ ಬೋನು ಇಟ್ಟಿದ್ದ. ಬೋನಿನ ಒಣಮೀನು ಇನ್ನೂ ಹಾಗೇ ಇತ್ತು. ಈಗ ಟಾರ್ಚು ಹಿಡಿದ. ಪೈಪಿನ ಸಮೇತ ವಾಯರು ತುಂಡಾಗಿದ್ದವು; ಜಗಿದ ಗುರುತಿಲ್ಲ, ಓರೆಯಾಗಿ ಕೊಯ್ದಂತಿತ್ತು. ಹೊರಗೆ ಸರಿದು ಕೂತ. ಕಟ್ಟೆಯ ಮಗ್ಗುಲಿಗೆ ಹುಲ್ಲು ಕೊಯ್ಯುವ ಕುಡಗೋಲು ಒರಗಿತ್ತು. ಅದರ ಹಲ್ಲಿನಲ್ಲಿ ಹಸಿರು ಪ್ಲಾಸ್ಟಿಕ್ಕಿನ ಒಂದು ಎಳೆ ಸಿಕ್ಕಿಕೊಂಡಿತ್ತು.

ಅಂತೋನಿ ಮತ್ತೆ ಒಳಗೆ ಬಗ್ಗಿದ. ಒಂದೊಂದೇ ವಾಯರಿನ ತುದಿ ಸುಲಿದು, ಹೊಸೆದು, ಟೇಪು ಸುತ್ತಿದ. ತಪ್ಪು ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ. ಕಾವಳ ಕರಗಿ ಬಿಸಿಲು ಬೀಳುವ ಹೊತ್ತಿಗೆ ಗಾಡಿ ಗುಂಯ್ ಎಂದು ಗೇಣು ಮುಂದೆ ಸರಿಯಿತು.

"ಗಾಡಿ ಹತ್ತು. ಹೋಗೂಣು. ದವಾಖಾನ್ಯಾಗ ನಿನ್ನ ಪಾಳಿ ತಪ್ಪತೈತಿ."

ಅವಳು ಏಳಲಿಲ್ಲ. "ಕಾಶೀಮ ನಿನ್ನೆನೂ ಬಿದಿರು ಹೊರಾಕ ಹೋಗಿದ್ನಂತ. ಬೆನ್ನು ನೋಡೀರೇನು ಅವಂದು? ರಿಕ್ಷಾದಾಗ ಕೋಳಿ ತತ್ತಿ ಇಡಾಕತ್ತಾವ."

"ತಪ್ಪಿಸಿದ್ರ ಏನಾಗತೈತಿ ಅಂತ ಡಾಕ್ಟರು ನಿನ್ನ ಮುಂದನ ಹೇಳ್ಯಾರ."

"ಹೇಳ್ಯಾರ. ತಪ್ಪಿಸಲಿಲ್ಲಂದ್ರೂ ಕಡೀಕ ಅಷ್ಟ ಆಗತೈತಿ ಅನ್ನೂದೂ ಹೇಳ್ಯಾರ." ಮಾಲೆಯ ಮಣಿ ಒಂದು ಮುಂದೆ ಸರಿಯಿತು. "ಇನ್ನ ದೇವರು ಕರದಾಗ ಹೋಗ್ತೇನ್ರಿ. ಅಲ್ಲಿಗಿ ಗಾಡಿ ಬೇಕಾಗೂದಿಲ್ಲ."

ಅವನು ವ್ಯಾನಿನ ಬಾಗಿಲು ತೆರೆದು ಹಿಡಿದು ಬಹಳ ಹೊತ್ತು ನಿಂತ. ಅವಳು ಬರಲಿಲ್ಲ. ಕೊನೆಗೆ ಗಾಡಿ ಆರಿಸಿ, ಬ್ಯಾಟರಿ ಬಿಚ್ಚಲು ಪಾನಾ ಕೈಗೆತ್ತಿಕೊಂಡ.

ಸಂಜೆ ಕೈಗಾಡಿಯಲ್ಲಿ ಬ್ಯಾಟರಿಗಳನ್ನು ಹೇರಿಕೊಂಡು ಕಾಶೀಮನ ಅಂಗಳಕ್ಕೆ ಹೋದ. ಕಾಶೀಮ ಉಣ್ಣುತ್ತಿದ್ದವನು ಎಂಜಲ ಕೈಯಲ್ಲೇ ಎದ್ದು ಬಂದ.

"ಮಾಮಾ... ಮಾಮಿ?"

"ಅದಾಳ. ಕಟ್ಟಿ ಮ್ಯಾಲ ಕೂತಾಳ."

ಅಂತೋನಿ ರಿಕ್ಷಾದ ಸೀಟಿನಿಂದ ಕೋಳಿಯನ್ನು ಮೆಲ್ಲಗೆ ಎತ್ತಿ ಕೆಳಗೆ ಬಿಟ್ಟ. ಬ್ಯಾಟರಿಗಳನ್ನು ಅವುಗಳ ಜಾಗದಲ್ಲಿ ಕೂಡಿಸಿ, ವಾಯರು ಬಿಗಿದು, ಹೆಗಲ ಟವೆಲ್ಲಿನಿಂದ ಧೂಳು ಒರೆಸಿದ. ಸೀಟಿನ ಮೂಲೆಯಲ್ಲಿ ಒಂದು ತತ್ತಿ ಇನ್ನೂ ಬೆಚ್ಚಗಿತ್ತು. ಅದನ್ನೂ ಎತ್ತಿ ಕಾಶೀಮನ ಅಂಗೈಯಲ್ಲಿಟ್ಟ.